ಮೂವತ್ತು ಇಂಚಿನ ನಳಿಗೆ

ನಾನು ಬೇಟೆಗಾರನಲ್ಲ. ಜೀವಮಾನದಲ್ಲಿ ಒಂದು ಈಡು ಹೊಡೆದವನಲ್ಲ. ಆದರೂ ಒಬ್ಬ ಹುಡುಗಿಯ ಕೋವಿಗೆ ಎಷ್ಟುದ್ದದ ನಳಿಗೆ ಬೇಕೆಂದು ನಾನೇ ನಿರ್ಧರಿಸಿದೆ—ಅವಳ ಅಪ್ಪ ತೀರಿಕೊಳ್ಳುವವರೆಗೂ ಆ ಸುಳ್ಳನ್ನು ಬಿಟ್ಟುಕೊಡಲಿಲ್ಲ.

ದುಬೈಯಲ್ಲಿ ಒಬ್ಬ ಅರಬ್ಬಿ ಯಜಮಾನರ ಮನೆಯ ಡ್ರೈವರ್ ಆಗಿದ್ದೆ. ಅವರಿಗೆ ದಾರಿಯುದ್ದಕ್ಕೂ ಯಾರಾದರೂ ಮಾತಾಡುತ್ತಿರಬೇಕು. ನಾನೂ ಕಾರ್ಕಳದ ಕಡೆಯವನು, ನನ್ನ ಬಾಯಿ ಸುಮ್ಮನಿರಬೇಕಲ್ಲ—ಊರಿನ ಹಂದಿ ಬೇಟೆಯ ಕಥೆ ಶುರು ಮಾಡಿದೆ. ಆ ಬೇಟೆಯಲ್ಲಿ ನನ್ನ ಕೆಲಸ ಡಬ್ಬ ಬಡಿದು ಹಂದಿ ಎಬ್ಬಿಸುವುದು, ಅಷ್ಟೇ. ಹೇಳುವಾಗ ಮಾತ್ರ ಡಬ್ಬ ಹೋಗಿ ಕೈಗೆ ಕೋವಿ ಬಂತು. ಅವರು ನಂಬಿದರು. ಸ್ನೇಹಿತರ ಮುಂದೆ 'ಇವನು ವಾಸು, ನಮ್ಮ ಬೇಟೆಗಾರ' ಎಂದು ಬೆನ್ನು ತಟ್ಟುತ್ತಿದ್ದರು. ನನಗೂ ಹಿತವಾಗಿತ್ತು, ಇನ್ನೂ ಯಾಕೆ ಮುಚ್ಚಿಡಲಿ.

ಅವರ ಮಗಳು ಮರಿಯಂ. ಚಿಕ್ಕವಳಿದ್ದಾಗ ಅವಳನ್ನು ಶಾಲೆಗೆ ಬಿಡುತ್ತಿದ್ದವನು ನಾನೇ. ಹತ್ತೊಂಬತ್ತಕ್ಕೆ ಅವಳಿಗೆ ಕ್ಲಬ್ಬಿನಲ್ಲಿ ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಟ್ಟು ಹೊಡೆಯುವ ಹುಚ್ಚು. ಸ್ವಂತ ಕೋವಿ ಕೊಳ್ಳಲೆಂದು ಅಬುಧಾಬಿಯ ಬೇಟೆ ಪ್ರದರ್ಶನಕ್ಕೆ ಹೋದೆವು. ಇಟಲಿಯಿಂದ ಬಂದ ಸೆಮಿ ಆಟೋಮ್ಯಾಟಿಕ್—ಒಂದು ತೋಟೆ ಸಿಡಿದರೆ ಮುಂದಿನದು ತಾನಾಗಿಯೇ ಬಂದು ಕೂರುತ್ತದೆ. ಎಂಥ ಚೆಂದ ಮಾರಾಯ್ರೆ! ಅಕ್ರೋಟು ಮರದ ಹಿಡಿ, ಆಗಷ್ಟೇ ಎಣ್ಣೆ ಹಚ್ಚಿದಂತೆ ಮಿನುಗುವ ಉಕ್ಕು. ನಳಿಗೆ ಮೂರು ಅಳತೆಯಲ್ಲಿತ್ತು. ಮರಿಯಂ ಸಣ್ಣ ಆಳು. ಇಪ್ಪತ್ತಾರು ಇಂಚಿನದನ್ನು ಎತ್ತಿ ಭುಜಕ್ಕಿಟ್ಟು ಅತ್ತಿತ್ತ ತಿರುಗಿಸಿದಳು, ಸಲೀಸಾಗಿ ತಿರುಗಿತು. ಇದೇ ಸಾಕು ಎಂದಳು. ಅಂಗಡಿಯವನೂ ತಲೆಯಾಡಿಸಿದ.

ಅಷ್ಟರಲ್ಲಿ ಯಜಮಾನರು ನನ್ನತ್ತ ತಿರುಗಿ, "ನಮ್ಮ ಬೇಟೆಗಾರ ಏನು ಹೇಳುತ್ತಾನೆ?" ಎಂದರು.

ಬಾಯಿಬಿಟ್ಟರೆ ಬಣ್ಣಗೇಡು ಎಂದು ಗೊತ್ತಿತ್ತು. ಗೊತ್ತಿದ್ದೂ—

"ಮೂವತ್ತು ಇಂಚು, ಬಾಬಾ. ನಳಿಗೆ ಉದ್ದ ಇದ್ದಷ್ಟೂ ಈಡು ದೂರ ಹೋಗುತ್ತದೆ."

ಅಂಗಡಿಯವನು ಏನೋ ಹೇಳಹೊರಟ. ಯಜಮಾನರು ಕೈಯೆತ್ತಿ ತಡೆದರು. ಮರಿಯಂ ಗಿಡ್ಡ ನಳಿಗೆಯ ಕೋವಿಯನ್ನು ಮೆಲ್ಲನೆ ಕೆಳಗಿಟ್ಟಳು.

ಅವಳ ಆಟಕ್ಕೆ ಬೇಕಿದ್ದದ್ದು ದೂರವಲ್ಲ, ಕೋವಿ ಬೇಗ ತಿರುಗುವುದು ಎಂದು ನನಗೆ ತಿಳಿದದ್ದು ಆಮೇಲೆ. ಮುಂಭಾರದ ಆ ಕೋವಿ ಅವಳ ಕೈಯನ್ನು ಜಗ್ಗುತ್ತಿತ್ತು. ಬಿಲ್ಲೆ ಹಾರಿಹೋದ ಮೇಲೆ ಈಡು. ಆ ವರ್ಷ ಕ್ಲಬ್ಬಿನ ತಂಡ ಸೇರಲೇಬೇಕೆಂದು ಅವಳ ಆಸೆ. ನಳಿಗೆಯೊಂದನ್ನು ಬದಲಿಸಿ, ಗಿಡ್ಡದು ಹಾಕಿಸಿ ಎಂದ ತರಬೇತುದಾರ. ಯಜಮಾನರು ಒಪ್ಪಲಿಲ್ಲ. ವಾಸು ಆರಿಸಿದ್ದು, ತಪ್ಪಿರಲಿಕ್ಕಿಲ್ಲ ಎಂದರು. ನಾನು ಅಲ್ಲೇ ನಿಂತಿದ್ದೆ.

ಎಂಥ ಹುಡುಗಿ ಅವಳು! ಒಂದು ದಿನ ಗೊಣಗಿದವಳಲ್ಲ. ಭುಜ ನೀಲಿಗಟ್ಟಿದರೂ ಮರುದಿನ ಬಿಸಿಲಿಗೆ ಹೋಗಿ ನಿಲ್ಲುತ್ತಿದ್ದಳು. ಕೊನೆಗೆ ತಂಡಕ್ಕೆ ಬೇರೊಬ್ಬಳು ಆಯ್ಕೆಯಾದಳು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಮರಿಯಂ. ಹಿಂದಿರುಗುವಾಗ ಕಾರಿನಲ್ಲಿ ನಾವಿಬ್ಬರೇ. ನಾನು ಏನೋ ಸಮಾಧಾನ ಹೇಳಹೋದೆ. ಅವಳು ಕಿಟಕಿಯಾಚೆ ನೋಡುತ್ತಲೇ ಅಂದಳು:

"ವಾಸು, ಈ ಕೋವಿಯಲ್ಲಿ ಮೊದಲ ದಿನ ನಾನು ಈಡು ಹೊಡೆದಾಗ ನೀನು ಕಿವಿ ಮುಚ್ಚಿಕೊಂಡು ಕುಕ್ಕರಿಸಿಬಿಟ್ಟೆ. ಅವತ್ತೇ ಗೊತ್ತಾಯಿತು. ಅಪ್ಪನಿಗೆ ಹೇಳಿಲ್ಲ—ಅವರಿಗೆ ನೀನೆಂದರೆ ಹೆಮ್ಮೆ. ಹೇಳುವುದಿದ್ದರೆ ನೀನೇ ಹೇಳು."

ಡ್ರೈವರೊಬ್ಬನ ಮರ್ಯಾದೆಗೋಸ್ಕರ ಒಂದಿಡೀ ವರ್ಷ ಆ ಭಾರ ಹೊತ್ತಿದ್ದಳು. ಅವಳ ವಯಸ್ಸಿನಲ್ಲಿ ನಾನಾಗಿದ್ದರೆ... ಬಿಡಿ.

ನಾನು ಹೇಳಲಿಲ್ಲ. ನಾಳೆ ಹೇಳುವ, ಈದ್ ಕಳೆಯಲಿ—ಹೀಗೆ. ಕೆಲಸ ಹೋದೀತೆಂಬ ಭಯವಲ್ಲ. 'ನಮ್ಮ ಬೇಟೆಗಾರ' ಅನ್ನುವ ಆ ಮಾತು ನಿಂತುಹೋದೀತೆಂಬ ಭಯ. ಮರುವರ್ಷ ಮರಿಯಂ ಕ್ಲಬ್ಬಿಗೆ ಹೋಗುವುದನ್ನೇ ಬಿಟ್ಟಳು.

ನಾನು ಕೆಲಸ ಬಿಟ್ಟು ಊರಿಗೆ ಹೊರಟ ದಿನ ಯಜಮಾನರು ತಮ್ಮ ಹಳೆಯ ದುರ್ಬೀನು ತಂದು, ಬೇಟೆಗಾರನ ಹತ್ತಿರವೇ ಇರಲಿ ಎಂದು ಕೊಟ್ಟರು. ಎರಡೂ ಕೈಯೊಡ್ಡಿ ಇಸಕೊಂಡೆ. ಮರಿಯಂ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು—ಕಾಯುತ್ತಿದ್ದಳು. ನಾನು ಸಲಾಂ ಹೇಳಿ ಕಾರು ಹತ್ತಿದೆ. ಮೊನ್ನೆ ಸುದ್ದಿ ಬಂತು, ಯಜಮಾನರು ಹೋದರಂತೆ.

ಮರಿಯಂ, ಅವತ್ತು ಅಬುಧಾಬಿಯಲ್ಲಿ ನಾನು ಹೇಳಬೇಕಾಗಿದ್ದದ್ದು ಇಷ್ಟೇ—ಮಾ ಅದ್ರಿ, ನನಗೆ ಗೊತ್ತಿಲ್ಲ. ದುಬೈಗೆ ಬಂದ ಮೊದಲ ವಾರವೇ ನಾನು ಕಲಿತ ಮಾತು ಅದು.