ನಲವತ್ತೆಂಟು ಕ್ರೇಟುಗಳ ನಂಬರಕ್ಕ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಪುಟ್ಟ ಬಿಯರ್ ಕಾರ್ಖಾನೆಯ ಹಿಂಬದಿಯ ಬೆಚ್ಚನೆ ಕೋಣೆಯಲ್ಲಿ ನಂಬರಕ್ಕ ಕ್ರೇಟಿನಿಂದ ಬಾಟಲಿಯೊಂದನ್ನು ಎತ್ತಿ, ಟ್ಯೂಬ್‌ಲೈಟಿಗೆ ಹಿಡಿದು, ಕತ್ತು ಓರೆ ಮಾಡಿ ನೋಡುತ್ತಾರೆ. ಮುಖದ ಮುಂದೆ ಪ್ಲಾಸ್ಟಿಕ್ ಪರದೆ, ಮೊಣಕೈವರೆಗೂ ದಪ್ಪ ಕೈಗವಸು. "ಈ ವೇಷದ ಫೋಟೊ ನೋಡಿ ನಮ್ಮನೆಯವರು, ಬಿಯರ್ ತುಂಬೋಕೆ ಹೋಗ್ತೀಯೋ ಯುದ್ಧಕ್ಕೋ ಅಂತ ಕೇಳಿದ್ರು" ಎಂದು ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ. ಹನ್ನೊಂದು ಗಂಟೆಗೆ ಮುಂದಿನ ಹಾಲ್‌ನಲ್ಲಿ ಹೊಸ ಬಿಯರ್ ಬಿಡುಗಡೆ. ನಲವತ್ತು ಜನ ರುಚಿ ನೋಡಲು ಬರುತ್ತಿದ್ದಾರೆ. ಬಾಟಲಿಯೊಳಗೆ ನೊರೆ ಇದೆಯೋ ಇಲ್ಲವೋ ಎಂಬುದು ಮುಚ್ಚಳ ತೆಗೆದಾಗಲೇ ಗೊತ್ತಾಗುವುದು.

ನಂಬರಕ್ಕನಿಗೆ ಐವತ್ಮೂರು. ಹನ್ನೊಂದು ವರ್ಷ ಜ್ಯೂಸ್ ಫ್ಯಾಕ್ಟರಿಯಲ್ಲಿ ಬಾಟಲಿ ತೊಳೆದವರು. ಅದು ಬಾಗಿಲು ಹಾಕಿದ ಮೇಲೆ ಎರಡು ವರ್ಷ ಮನೆಯಲ್ಲಿ ಕೂತು, ಕೂರಲಾಗದೆ, ಇಲ್ಲಿಗೆ ಬಂದರು. ಇಲ್ಲಿರುವುದು ನಾಲ್ಕೇ ಜನ. ತಯಾರಿಸುವುದು ಬೆಲ್ಜಿಯಂ ಶೈಲಿಯ ಬಿಯರ್. ಬಾಟಲಿಗೆ ತುಂಬುವ ಮುನ್ನ ಒಂದಿಷ್ಟು ಸಕ್ಕರೆ ಪಾಕ ಬೆರೆಸುತ್ತಾರೆ, ಬೆಚ್ಚನೆ ಕೋಣೆಯಲ್ಲಿ ಮುಚ್ಚಿದ ಬಾಟಲಿಯೊಳಗೇ ಅದು ಮತ್ತೊಮ್ಮೆ ಹುದುಗು ಬಂದು ನೊರೆ ಕಟ್ಟುತ್ತದೆ. ತುಂಬುವ ದಿನ ಸಾವಿರದ ನೂರೈವತ್ತೆರಡು ಬಾಟಲಿಗಳು ನಂಬರಕ್ಕನ ಕೈ ದಾಟಿ ನಲವತ್ತೆಂಟು ಕ್ರೇಟು ಸೇರುತ್ತವೆ. ತುಂಬಿದ ಕ್ರಮದಲ್ಲೇ ಪ್ರತಿ ಕ್ರೇಟಿಗೂ ಸೀಮೆಸುಣ್ಣದಲ್ಲಿ ನಂಬರು ಬೀಳಬೇಕು, ಅದು ಅವರ ಹಟ. "ಕ್ರೇಟಿಗೂ ಹಾಜರಿ ಹಾಕ್ತೀರಲ್ಲಕ್ಕ" ಎಂದು ಬಿಯರ್ ತಯಾರಕನೂ ಮಾಲೀಕನೂ ಆಗಿರುವ ಬ್ರೂವರ್ ಛೇಡಿಸಿ ಛೇಡಿಸಿಯೇ ಈ ಹೆಸರು ಅಂಟಿಕೊಂಡಿತು.

"ಜ್ಯೂಸ್ ಫ್ಯಾಕ್ಟರೀಲಿ ಯಾವುದು ಯಾವಾಗ ತುಂಬಿದ್ದು ಅಂತ ಯಾರಿಗೂ ಗೊತ್ತಿರ್ತಿರಲಿಲ್ಲ. ನಾಲ್ಕು ಬಾಟಲಿ ಕೆಟ್ರೆ ಇಡೀ ಲೋಡ್ ಮೋರಿಗೆ. ತೊಳೆದ ಕೈಯಲ್ಲೇ ಚೆಲ್ಲೋವಾಗ ಹೊಟ್ಟೆ ಉರೀತಿತ್ತು" ಎನ್ನುತ್ತಾರೆ.

ತಪ್ಪಾಗಿದ್ದು ತಿಂಗಳ ಹಿಂದೆ. ಇವತ್ತು ಬಿಡುಗಡೆಯಾಗಬೇಕಾದ, ಟ್ರಿಪೆಲ್ ಎಂದು ಕರೆಯುವ ಹೊಂಬಣ್ಣದ ಗಟ್ಟಿ ಬಿಯರನ್ನು ತುಂಬುವ ದಿನ ಅದು. ತೊಟ್ಟಿಯ ತಳಕ್ಕೆ ಪಾಕ ಸುರಿದು, ಅದರ ಮೇಲೆ ಬಿಯರ್ ಬಿಟ್ಟು, ಉದ್ದ ಹಿಡಿಯ ಸ್ಟೀಲ್ ಸೌಟಿನಲ್ಲಿ ಇಪ್ಪತ್ತು ಸುತ್ತು ನಿಧಾನವಾಗಿ ಕದಡಬೇಕು. ಜೋರು ಮಾಡಿದರೆ ಗಾಳಿ ಸೇರಿ ರುಚಿ ಕೆಡುತ್ತದೆ, ಕಡಿಮೆಯಾದರೆ ಪಾಕ ತಳದಲ್ಲೇ ಕೂರುತ್ತದೆ. ನಂಬರಕ್ಕ ನಾಲ್ಕನೇ ಸುತ್ತಿನಲ್ಲಿದ್ದಾಗ ಮಗಳ ಫೋನ್ ಬಂತು. ಗಂಡನ ಹೊಟ್ಟೆಯ ಸ್ಕ್ಯಾನ್ ರಿಪೋರ್ಟ್. ಮೂರು ವಾರ ಮನೆಮಂದಿಯ ಉಸಿರು ಹಿಡಿಸಿದ್ದ ಗಡ್ಡೆ, ಗಾಬರಿ ಪಡುವಂಥದ್ದೇನೂ ಅಲ್ಲವಂತೆ.

"ದುಃಖದಲ್ಲಿ ಕೈ ತಪ್ಪೋದು ಕೇಳಿದೀನಿ. ನಾನು ಖುಷೀಲಿ ತಪ್ಪಿದೆ. ಕಣ್ಣೊರೆಸ್ಕೊಂಡು ವಾಪಸ್ ಬಂದು ಸೀದಾ ತೊಟ್ಟಿ ಮುಚ್ಚಳ ಹಾಕ್ಬಿಟ್ಟೆ."

ಎರಡು ವಾರದ ನಂತರ ಬೆಚ್ಚನೆ ಕೋಣೆಯಲ್ಲಿ ಒಂದು ಬಾಟಲಿ ಸಿಡಿಯಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಬ್ರೂವರ್ ಇನ್ನೊಂದನ್ನು ತೆರೆದರೆ ಅದು ನೊರೆಯೇ ಇಲ್ಲದ ಸಪ್ಪೆ ನೀರು. ಎಲ್ಲಿಂದಲೋ ಬೇಡದ ಜೀವಾಣು ಹೊಕ್ಕಿದೆ, ಹಳೇ ಪೈಪಿನದೇ ಕಿತಾಪತಿ, ಎಲ್ಲವನ್ನೂ ಚೆಲ್ಲೋಣ, ಬಿಡುಗಡೆಯೂ ಬೇಡ ಎಂದು ಅವನು ತಲೆ ಮೇಲೆ ಕೈ ಹೊತ್ತು ಕೂತ. ಅವತ್ತು ಮನೆಗೆ ಹೋದ ನಂಬರಕ್ಕ ಬಾಟಲಿ ತುಂಬಿದ ದಿನವನ್ನು ಮೊದಲಿಂದ ನೆನೆಯುತ್ತಾ ಕೂತರು. ನಾಲ್ಕರ ಮುಂದಿನ ಸುತ್ತುಗಳು ಎಷ್ಟು ನೆನೆದರೂ ನೆನಪಾಗಲಿಲ್ಲ. ಸುಮ್ಮನಿದ್ದರೆ ಪೈಪಿನ ಮೇಲೆ ಹೋಗುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಗಂಡನೇ ಹೇಳಿದ್ದು: "ಹೇಳ್ಬಿಡು ಮಾರಾಯ್ತಿ. ಇಲ್ದಿದ್ರೆ ನೀನೂ ಮಲಗಲ್ಲ, ನನ್ನನ್ನೂ ಮಲಗೋಕೆ ಬಿಡಲ್ಲ."

ಮರುದಿನ ಬೆಳಿಗ್ಗೆ ಎರಡು, ಎಂಟು, ಹದಿನೈದು, ಇಪ್ಪತ್ತೈದು, ಮೂವತ್ತೈದು, ನಲವತ್ತೈದು ಎಂದು ಆರು ಕ್ರೇಟುಗಳಿಂದ ಒಂದೊಂದು ಬಾಟಲಿ ತೆಗೆದು ಸಾಲಾಗಿ ಸುರಿದರು. ಮೊದಲನೆಯದು ಛಾವಣಿಗೆ ಚಿಮ್ಮಿತು. ಆಮೇಲಿನವು ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಾ ಕೊನೆಯದು ತಣ್ಣಗೆ ಕೂತಿತು. ತೊಟ್ಟಿಯ ನಲ್ಲಿ ಇರುವುದು ತಳದಲ್ಲಿ, ಹಾಗಾಗಿ ಅಲ್ಲಿ ಕೂತ ಪಾಕ ಮೊದಲ ಕ್ರೇಟುಗಳಿಗೇ ಹೋಗಿತ್ತು. "ಜೀವಾಣು ಅಲ್ಲ ಸಾರ್, ನಾನು ಕದಡಲಿಲ್ಲ" ಎಂದು ಬ್ರೂವರ್ ಮುಂದೆ ನಿಂತರು. ಅವನು ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದು, "ಇನ್ಮೇಲೆ ಸೌಟು ನಾನೇ ಹಿಡೀತೀನಿ" ಎಂದಷ್ಟೇ ಹೇಳಿದ.

"ಕೆಲಸ ಬಿಡು ಅಂದಿದ್ರೆ ಅತ್ತು ಹೋಗ್ತಿದ್ದೆ. ಈ ಮಾತು ಹಾಗೇ ಒಳಗೆ ಚುಚ್ಚುತ್ತಾ ಕೂತ್ಕೊಂತು" ಎನ್ನುತ್ತಾರೆ.

ಮೊದಲ ಒಂಬತ್ತು ಕ್ರೇಟು, ತೆರೆಯುವಾಗ ಸಿಡಿಯದಿರಲೆಂದು ಚೆನ್ನಾಗಿ ತಣ್ಣಗಾಗಿಸಿದ ಮೇಲೆ, ಮೋರಿಗೆ ಹೋದವು. ಕೊನೆಯ ಹನ್ನೊಂದರ ಪ್ರತಿ ಬಾಟಲಿಗೂ ಚಿಟಿಕೆ ಸಕ್ಕರೆ ಹಾಕಿ ಮತ್ತೆ ಮುಚ್ಚಿದರು. ನಡುವಿನ ಇಪ್ಪತ್ತೆಂಟು ಕ್ರೇಟನ್ನೇ ನಂಬಿ ಬಿಡುಗಡೆಯ ದಿನ ಉಳಿಸಿಕೊಂಡರು.

ಹನ್ನೊಂದು ಗಂಟೆ. ನಂಬರಕ್ಕ ಹಾಲ್‌ನ ಪಕ್ಕದ ಸಿಂಕಿನಲ್ಲಿ ಗ್ಲಾಸು ತೊಳೆಯುತ್ತಾ ಬಾಗಿಲ ಸಂದಿಯಿಂದ ನೋಡುತ್ತಿದ್ದಾರೆ. ಬ್ರೂವರ್ ಮೊದಲ ಮುಚ್ಚಳ ಎತ್ತುತ್ತಾನೆ. ಸಣ್ಣ ಸದ್ದು. ಗ್ಲಾಸಿನಲ್ಲಿ ಬಿಳಿ ನೊರೆ ಎರಡು ಬೆರಳು ಏರಿ, ಇಳಿಯದೆ ನಿಲ್ಲುತ್ತದೆ. ಎರಡನೆಯದು, ಮೂರನೆಯದು, ಹತ್ತನೆಯದೂ ಹಾಗೇ. ಬೇಕರಿ ನಡೆಸುವ ಹೆಂಗಸು ಗ್ಲಾಸಿಗೆ ಮೂಗು ತೂರಿಸಿ "ಲವಂಗ, ಮಾಗಿದ ಬಾಳೆಹಣ್ಣು" ಎನ್ನುತ್ತಾರೆ. ನಿವೃತ್ತ ಮೇಷ್ಟ್ರೊಬ್ಬರು ಖಾಲಿ ಗ್ಲಾಸು ಮುಂದೆ ಚಾಚುತ್ತಾರೆ. ನಂಬರಕ್ಕ ನಲ್ಲಿ ನಿಲ್ಲಿಸಿ, ಮಗುಚಿದ ಕ್ರೇಟಿನ ಮೇಲೆ ಕೂರುತ್ತಾರೆ. ಎದೆ ಮೇಲಿನ ಬಂಡೆ ಇಳಿದಿದೆ. ಅಳುವೂ ನಗುವೂ ಒಟ್ಟಿಗೇ ಬರುತ್ತಿವೆ.

ಜನ ಕರಗಿದ ಮೇಲೆ ಬ್ರೂವರ್ ಒಂದು ಗ್ಲಾಸು ಹಿಡಿದು ಒಳಗೆ ಬರುತ್ತಾನೆ. ಅಕ್ಕ ಒಂದು ಗುಟುಕು ಕುಡಿದು, "ಚೆನ್ನಾಗಿದೆ" ಎಂದು ತಲೆಯಾಡಿಸುತ್ತಾರೆ.

"ಸೋಮವಾರ ಮುಂದಿನ ತೊಟ್ಟಿ ತುಂಬಬೇಕಕ್ಕ" ಎನ್ನುತ್ತಾನೆ ಅವನು. "ಸೌಟು ನೀವೇ ಹಿಡೀರಿ. ಬೇಕಿದ್ರೆ ನಾನು ಪಕ್ಕದಲ್ಲಿ ನಿಂತು ಸುತ್ತು ಎಣಿಸ್ತೀನಿ."

ನಂಬರಕ್ಕ ಏಪ್ರನ್ನಿಗೆ ಕೈ ಒರೆಸಿಕೊಂಡು ಎದ್ದು ನಿಲ್ಲುತ್ತಾರೆ.

"ಬೇಡ ಸಾರ್, ನೀವು ನಿಮ್ಮ ಕೆಲಸ ನೋಡ್ಕೊಳ್ಳಿ. ಈ ಕಟ್ಟಡಕ್ಕೆಲ್ಲ ಕೇಳೋ ಹಾಗೆ ನಾನೇ ಎಣಿಸ್ತೀನಿ."