ಒಂಬತ್ತನೇ ಸಾಲಿನ ತೊಗರಿ

ನಮ್ಮ ಮನೆಯಲ್ಲಿ ಕಡಲೆಕಾಯಿ ಗಂಡಸರ ಬೆಳೆ, ಅಕ್ಕಡಿ ಸಾಲು ಹೆಂಗಸರದು. ಎಂಟು ಸಾಲು ಕಡಲೆಕಾಯಿ ಬಿತ್ತಿದರೆ ಒಂದು ಸಾಲು ತೊಗರಿ, ಅದೇ ಅಕ್ಕಡಿ. ಅದರಲ್ಲಿ ಬಂದದ್ದು ಮನೆಯಾಕೆಯ ಕೈಗೆ. ಬಡವನಹಳ್ಳಿ ಹತ್ತಿರದ ನಮ್ಮೂರಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಕೊರಟಗೆರೆಯಲ್ಲಿ ಟೀಚರ್ ಆಗಿ ಕೂತ ನನಗೆ ಮಾತ್ರ ಮರೆತುಹೋಗಿತ್ತು.

ಆ ವರ್ಷ ಬೆಳೆ ಸಮೀಕ್ಷೆಯನ್ನು ರೈತರೇ ಮೊಬೈಲಿನಲ್ಲಿ ಮಾಡಬಹುದು ಅಂದರು. ಚಿಕ್ಕಪ್ಪನದು ಬಟನ್ ಫೋನು. ಭಾನುವಾರ ಊರಿಗೆ ಹೋದ ನಾನು ದೊಡ್ಡ ಉಪಕಾರ ಮಾಡುವವಳ ಹಾಗೆ ಬದುವಿನ ಮೇಲೆ ನಿಂತು, "ಏನು ಬೆಳೆ ಚಿಕ್ಕಪ್ಪ?" ಅಂದೆ.

"ಕಡ್ಲೇಕಾಯಿ ಕಣಮ್ಮ, ಇನ್ನೇನು" ಅಂದ.

ಒಂದೇ ಬೆಳೆ ಅಂತ ಒತ್ತಿದೆ, ಫೋಟೋ ಹೊಡೆದೆ, ಕಳಿಸಿದೆ. ಚಿಕ್ಕಮ್ಮ ಹತ್ತು ಮಾರು ದೂರದಲ್ಲಿ ಕಳೆ ಕೀಳುತ್ತಿದ್ದಳು. ಅವಳನ್ನೂ ಕೇಳಬೇಕು ಅಂತ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಕಡಲೆಕಾಯಿ ಕಿತ್ತು ಮನೆ ಸೇರಿದ ಮೇಲೆ ತೊಗರಿ ಕಾಯಿ ಕಟ್ಟಿತು. ಸರ್ಕಾರ ಬೆಂಬಲ ಬೆಲೆಗೆ ತೊಗರಿ ಕೊಳ್ಳುತ್ತದೆ, ಹೆಸರು ನೋಂದಾಯಿಸಿ ಅಂತ ಸುದ್ದಿ ಬಂತು. ಸಮೀಕ್ಷೆಯಲ್ಲಿ ತೊಗರಿ ಇದ್ದರೆ ಮಾತ್ರ. ನಮ್ಮ ಹೊಲದ ಲೆಕ್ಕದಲ್ಲಿ ಅದು ಇರಲಿಲ್ಲ. ಚಿಕ್ಕಮ್ಮನಿಗೆ ಆ ತೊಗರಿಯಲ್ಲಿ ಒಂದು ಬಚ್ಚಲುಮನೆ ಆಗಬೇಕಿತ್ತು. ಮದುವೆಯಾಗಿ ಬಂದಾಗಿನಿಂದ ಅವಳು ಹಿತ್ತಿಲಲ್ಲಿ ಹಳೇ ಸೀರೆ ಮರೆ ಕಟ್ಟಿಕೊಂಡು, ಊರು ಏಳುವ ಮುಂಚೆ ಗಡಿಬಿಡಿಯಲ್ಲಿ ಮೈ ತೊಳೆದುಕೊಳ್ಳುತ್ತಾಳೆ. ಬಾಗಿಲಿರುವ ಬಚ್ಚಲು ಬೇಕು ಅನ್ನುವುದು ಅವಳ ಒಂದೇ ಆಸೆ.

ಅವಳನ್ನು ಕರೆದುಕೊಂಡು ಹೋಬಳಿಯ ಕೃಷಿ ಕಚೇರಿಗೆ ಹೋದೆ. ನನ್ನದು ಮೊದಲೇ ಮೂಗಿನ ತುದಿಯ ಕೋಪ, ಆ ಭಾನುವಾರ ಒತ್ತಿ ಕಳಿಸಿದ್ದು ನಾನೇ ಅನ್ನುವುದೂ ಮರೆತಿತ್ತು. ಕೂತಲ್ಲೇ ಕೂತು ಏನೇನೋ ಬರೆದುಕೊಂಡರೆ ರೈತರ ಗತಿ ಏನು ಅಂತ ಕೂಗಾಡಿದೆ. ಅಧಿಕಾರಿ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಸಮೀಕ್ಷೆ ಮಾಡಿದ ಮೊಬೈಲ್ ನಂಬರು ನನ್ನದೇ.

"ಅವ್ಳ ತಪ್ಪಲ್ಲ ಸಾ" ಅಂದಳು ಚಿಕ್ಕಮ್ಮ. "ಆವಾಗ ತೊಗ್ರಿ ಗೇಣುದ್ದ ಇತ್ತು, ಕಡ್ಲೆಗಿಡದ ಮರೇಲಿ ಕಾಣ್ತಿರ್ಲಿಲ್ಲ. ನೀವೇ ಒಂದ್ಸಲ ಬಂದು ನೋಡ್ಬುಡಿ. ನೋಡ್ದೆ ಬರ್ಕೊಳ್ಳಿ ಅಂತ ನಾನೂ ಅನ್ನಕ್ಕಿಲ್ಲ."

ಆಕ್ಷೇಪಣೆ ಬರೆದುಕೊಡಿ, ಬರುತ್ತೇನೆ ಅಂದರು. ಅಲ್ಲೇ ಕೂತು ಅರ್ಜಿ ಬರೆದೆ. ನನ್ನ ತಪ್ಪನ್ನೂ ಬರೆದೆ. ಮೂರನೇ ದಿನ ಬೆಳಿಗ್ಗೆ ಅವರು ಬೈಕಿನಲ್ಲಿ ಬಂದೇಬಿಟ್ಟರು.

ಹೊಲದಲ್ಲಿ ಆಗ ಆಳೆತ್ತರದ ತೊಗರಿ ಬಿಟ್ಟರೆ ಬೇರೇನೂ ಇಲ್ಲ. "ದಾಖಲೆಯಲ್ಲಿ ಬರೀ ಕಡಲೆಕಾಯಿ, ಕಣ್ಣೆದುರಿಗೆ ಬರೀ ತೊಗರಿ. ಎರಡೂ ಒಟ್ಟಿಗೇ ಇದ್ದವು ಅಂತ ನಾನು ಹೆಂಗೆ ಬರೀಲಮ್ಮ?" ಅಂದರು. ನ್ಯಾಯವಾದ ಪ್ರಶ್ನೆಯೇ.

ಚಿಕ್ಕಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ಎರಡು ತೊಗರಿ ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತಳು. ಕುಡುಗೋಲಿನ ತುದಿಯಿಂದ ಮಣ್ಣು ಕೆದಕಿದಳು. ಕೀಳುವಾಗ ಕಳಚಿ ಮಣ್ಣಲ್ಲೇ ಉಳಿದ ಎರಡು ಕಡಲೆಕಾಯಿ ಸಿಕ್ಕವು. ಅಧಿಕಾರಿಯ ಅಂಗೈಯಲ್ಲಿಟ್ಟು "ಒಂದು ಸಾಲು" ಅಂದಳು. ಸ್ವಲ್ಪ ಸರಿದು ಇನ್ನೊಂದು ಕಡೆ ಕೆದಕಿದಳು, "ಎರಡು". ಕಣ್ಣಿಗೆ ಅಲ್ಲಿ ಬರೀ ಕೆಂಪು ಮಣ್ಣು, ಸಾಲಿನ ಗುರುತೇ ಇಲ್ಲ. ಆದರೂ ಅವಳು ಕುಡುಗೋಲು ಊರಿದಲ್ಲೆಲ್ಲ ಕಾಯಿ ಬಂದವು. ಏಳನೆಯದರಲ್ಲಿ ಮೊದಲು ಜೊಳ್ಳು ಬಂತು. ಅದನ್ನು ಎಸೆದು ಮತ್ತೆ ಕೆದಕಿ ಗಟ್ಟಿ ಕಾಯಿ ತೆಗೆದಳು. ಇಷ್ಟು ವರ್ಷ ಜೊತೆಗಿದ್ದು ನಾನು ಇವಳನ್ನು ನೋಡೇ ಇರಲಿಲ್ಲ ಅನ್ನಿಸಿತು.

ಎಂಟಾದ ಮೇಲೆ ಎದ್ದು ತೊಗರಿ ಗಿಡ ಹಿಡಿದುಕೊಂಡಳು. "ಆ ಎಂಟು ಸಾಲು ನಮ್ಮೆಜಮಾನ್ರುದು ಸಾ. ಒಂಬತ್ನೇದು ನಂದು."

ಅಧಿಕಾರಿ ಬೊಗಸೆಯಲ್ಲಿದ್ದ ಕಾಯಿಗಳನ್ನು ಎಣಿಸಿದರು. ಆಮೇಲೆ ಅವನ್ನು ತೊಗರಿಯ ಬುಡದಲ್ಲಿಟ್ಟು ಫೋಟೋ ತೆಗೆದರು. "ಹಿಂಗೆ ಎಷ್ಟು ಹೊಲದ ತೊಗರಿ ಬಿಟ್ಟುಹೋಗಿದೆಯೋ" ಅಂದರು, ನಮಗಲ್ಲ, ತಮಗೇ. ಮುಂದಿನ ಸಲ ಸಮೀಕ್ಷೆಯ ಹುಡುಗರಿಗೆ ಹೊಲದಲ್ಲೇ ಹೇಳಿಕೊಡಲು ಬರುತ್ತೀರಾ ಅಂತ ಅವಳನ್ನು ಕೇಳಿದರು. "ಬತ್ತೀನಿ. ಬದುವಿನ ಮ್ಯಾಲೆ ನಿಂತು ಕೇಳಿದ್ರೆ ಹೇಳಕ್ಕಿಲ್ಲ, ಒಳಕ್ಕೆ ಇಳೀಬೇಕು" ಅಂದಳು. ಆ ಮಾತು ನನಗೂ ಸೇರಿತ್ತು.

ವಾರದೊಳಗೆ ದಾಖಲೆ ತಿದ್ದಿದರು, ನೋಂದಣಿಯೂ ಆಯಿತು. ಮನೆಗೆ ಬಂದು ನೋಂದಣಿಯ ಚೀಟಿ ಓದಿದೆ: ಮಿಶ್ರ ಬೆಳೆ, ಕಡಲೆಕಾಯಿ, ತೊಗರಿ. ಚಿಕ್ಕಮ್ಮ ಅದನ್ನು ಮಡಚಿ ಅಕ್ಕಿ ಡಬ್ಬಿಯಲ್ಲಿಟ್ಟಳು. ಜಗಲಿಯ ಮೇಲಿದ್ದ ಚಿಕ್ಕಪ್ಪ ಎದ್ದ. ಗುದ್ದಲಿ ಹಿಡಿದು ಹಿತ್ತಿಲ ಸೀರೆ ಮರೆಯ ಹತ್ತಿರ ಹೋಗಿ, ಅಲ್ಲಿಂದಲೇ ಅವಳನ್ನು ಕೇಳಿದ.

"ಪಾಯ ಎಲ್ಲಿಂದ ತೋಡ್ಲಿ, ಹೇಳು."