ಐನಾಪುರದ ಸಂಜೆಯ ಗುಳಿಗೆಗಳು

ಮಾಘ ಮಾಸದ ಒಂದು ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ ನಾನು ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ, ರಾಯಬಾಗದ ಬಸ್ಸು ನಿಲ್ಲುವ ಕಂಬದ ಎಡಕ್ಕೆ ನಿಂತಿದ್ದೆ. ಕೈಯಲ್ಲಿ ಮಂಜುಗಡ್ಡೆ ತುಂಬಿದ ಡಬ್ಬಿಯಿತ್ತು. ನಾನು ಆಸ್ಪತ್ರೆಯೊಂದರ ಲ್ಯಾಬಿನವನು. ಐನಾಪುರದ ನೇಮಣ್ಣನವರ ಮೂಗಿನ ದ್ರವದ ಮೂರನೆಯ ಮಾದರಿ ತರಲು ಹೊರಟಿದ್ದೆ.

"ಐಸ್‌ಕ್ರೀಮ್ ಏನ್ರಿ?" ಎಂದ ಕಂಡಕ್ಟರ್.

"ಬರೇ ಐಸ್‌ರಿ."

"ಹಂಗಾರ ನೀವ ಹಿಡ್ಕೋರಿ. ಕ್ರೀಮ್ ಇದ್ರ ನಾ ಹಿಡ್ಕೋತಿದ್ದೆ."

ರಕ್ತದ ಕಾಯಿಲೆಯ ಚಿಕಿತ್ಸೆಯಿಂದ ನೇಮಣ್ಣನವರ ರೋಗನಿರೋಧಕ ಶಕ್ತಿ ಕುಂದಿತ್ತು. ಕೊರೋನಾ ವಾರಗಟ್ಟಲೆ ಅವರನ್ನು ಬಿಟ್ಟಿರಲಿಲ್ಲ. ವೈದ್ಯರು ದಿನಕ್ಕೆ ಎರಡು ಹೊತ್ತು ಗುಳಿಗೆ ಬರೆದಿದ್ದರು. ಮೊದಲು ವೈರಾಣು ಇಳಿಯಿತು, ಆಮೇಲೆ ಮತ್ತೆ ಏರಿತು. ಎರಡನೆಯ ಮಾದರಿಯ ವರದಿ ಹಿಂದಿನ ದಿನ ಬಂದಿತ್ತು: ಔಷಧಿ ಹೋಗಿ ಹಿಡಿಯುವ ಜಾಗದಲ್ಲೇ ವೈರಾಣು ಬದಲಾಗಿತ್ತು. ಮೊದಲ ಮಾದರಿಯಲ್ಲಿ ಆ ಬದಲಾವಣೆ ಇರಲಿಲ್ಲ.

ರಾಯಬಾಗದಲ್ಲಿ ಬಸ್ಸು ಬದಲಿಸಿದೆ. ಕುಡಚಿ ದಾಟಿದ ಮೇಲೆ ಕೃಷ್ಣೆಯ ಸೇತುವೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಅರ್ಧ ಗಂಟೆ ಬಿಸಿಲಲ್ಲಿ ನಿಂತೆವು. ಐನಾಪುರ ಮುಟ್ಟಿದಾಗ ನಾಲ್ಕು ದಾಟಿತ್ತು.

ಮಾದರಿ ತೆಗೆದುಕೊಂಡು ಏಳುವಷ್ಟರಲ್ಲಿ ನೇಮಣ್ಣನವರ ಹೆಂಡತಿ ಪದ್ಮವ್ವ ತಾಟು ಇಟ್ಟರು. ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ.

"ಉಣ್ರಿ. ಹೊತ್ತ ಮುಳುಗೂದ್ರಾಗ ನಾವು ಎಲ್ಲಾ ಮುಗಸಬೇಕು."

ತುತ್ತು ಕೈಯಲ್ಲೇ ನಿಂತಿತು. "ಕಾಕು, ರಾತ್ರಿ ಎಂಟರ ಗುಳಿಗಿ ಹೆಂಗ ತಗೋತಾರ?"

"ಹೊತ್ತ ಮುಳುಗಿದ ಮ್ಯಾಲ ಇವ್ರು ನೀರೂ ಮುಟ್ಟೂದಿಲ್ಲಲ್ರಿ."

ಅವರು ಸ್ಟೀಲಿನ ಡಬ್ಬಿ ತೆರೆದರು. ಸಂಜೆಯ ಗುಳಿಗೆಗಳೆಲ್ಲ ಪಟ್ಟಿ ಒಡೆಯದೆ ಹಾಗೇ ಇದ್ದವು. "ಮುಂಜಾನಿವು ಮುಗದ ಮ್ಯಾಲ ಇವನ್ನ ಕೊಟ್ರಾತು ಅಂತ ಇಟ್ಟೀನಿ."

ಆಸ್ಪತ್ರೆಯಿಂದ ಗುಳಿಗೆ ತಂದುಕೊಟ್ಟವನು ನಾನೇ; ಪೊಟ್ಟಣದ ಮೇಲಿನ ಅಕ್ಷರವೂ ನನ್ನದು: ಬೆಳಿಗ್ಗೆ ೮, ರಾತ್ರಿ ೮. ನಾನು ನಿಪ್ಪಾಣಿಯವನು, ನಮ್ಮ ಮನೆಯ ಎರಡೂ ಪಕ್ಕ ಇವರ ಹಾಗೆಯೇ ಜೈನರು. ಬಿಸಿಲಿರುವಾಗಲೇ ಅವರ ರಾತ್ರಿಯೂಟ ಉಂಡು ಬೆಳೆದವನು. ಗೊತ್ತಿತ್ತು, ಆದರೆ ರಾತ್ರಿ ೮ ಎಂದು ಬರೆಯುವಾಗ ಕೇಳಲಿಲ್ಲ.

"ತಪ್ಪಾತೇನು, ತಮ್ಮಾ?" ಎಂದರು ನೇಮಣ್ಣ.

ತಿಳಿದಷ್ಟು ಹೇಳಿದೆ. ವೈರಾಣು ತನ್ನ ನಕಲು ಮಾಡುತ್ತಲೇ ಇರುತ್ತದೆ, ನಕಲಿನಲ್ಲಿ ತಪ್ಪುಗಳಾಗುತ್ತವೆ. ಹೆಚ್ಚಿನ ತಪ್ಪುಗಳಿಂದ ಅದಕ್ಕೇನೂ ಲಾಭವಿಲ್ಲ. ಔಷಧಿ ಪೂರ್ತಿ ಇದ್ದರೆ ನಕಲು ಬಹುಮಟ್ಟಿಗೆ ನಿಲ್ಲುತ್ತದೆ. ಅರೆಬರೆ ಇದ್ದರೆ ನಡೆಯುತ್ತಲೇ ಇರುತ್ತದೆ; ಔಷಧಿಯ ಹಿಡಿತಕ್ಕೆ ಸಿಗದ ಒಂದು ನಕಲು ಉಳಿದರೆ ಮುಂದೆ ಅದರ ಸಂತತಿಯೇ ತುಂಬುತ್ತದೆ.

ಅವರು ಕೆಮ್ಮುತ್ತಲೇ ನಕ್ಕರು. "ಅಂದ್ರ ರಾತ್ರಿ ನಾ ಉಪಾಸ, ಅದಕ್ಕ ಊಟ!"

"ನಗ್ತಾರ ನೋಡ್ರಿ," ಎಂದರು ಪದ್ಮವ್ವ. ಅವರು ನಗಲಿಲ್ಲ.

ಇದೇ ಕಾರಣವೆಂದು ವರದಿಯಲ್ಲಿ ಇರಲಿಲ್ಲ. ಗುಳಿಗೆ ಪೂರ್ತಿ ನುಂಗಿದವರಲ್ಲೂ ಹೀಗಾಗಬಹುದು. ಆ ಮಾತನ್ನು ಪದ್ಮವ್ವನವರಿಗೆ ಎರಡು ಸಲ ಹೇಳಿದೆ.

ಮರಳುವಾಗ ಬಸ್ಸು ಸೇತುವೆಗೆ ಬಂದಾಗ ವಾಚು ನೋಡಿದೆ. ಆರು ಗಂಟೆ. ಸೂರ್ಯ ಇನ್ನೂ ನೀರಿನ ಮೇಲಿದ್ದ. ಹೊತ್ತು ಹುಟ್ಟಿದ ಮೇಲೊಂದು, ಸಂಜೆ ಆರಕ್ಕೊಂದು ಎಂದು ಬರೆಯಬಹುದಿತ್ತು. ಅಷ್ಟು ಅಂತರ ನಡೆಯುತ್ತಿತ್ತು ಎಂದು ವೈದ್ಯರು ಆಮೇಲೆ ಹೇಳಿದರು.

ಔಷಧಿ ಬದಲಾಯಿತು. ನೇಮಣ್ಣನವರು ಯುಗಾದಿಯವರೆಗೆ ಉಳಿಯಲಿಲ್ಲ. ಆ ಸ್ಟೀಲಿನ ಡಬ್ಬಿ ತೆರೆದಾಗ ಅಲ್ಲಿದ್ದವರು ಮೂವರು. ಈಗ ಇರುವವರು ಪದ್ಮವ್ವ, ಮತ್ತು ನಾನು.